ಅಪ್ಪನನ್ನು ಮರದಿಂದ ಬೀಳಿಸಿದ್ದರಲ್ಲಿ ದೇವರ ಉದ್ದೇಶವೇನು ಎಂದು ಮಗಳು ಕೇಳಿದ್ದಾಳೆ

ಕೇಳಿದವರು: ತೋಟದ ದಾರಿ

ನಾನು ಪುತ್ತೂರು ತಾಲ್ಲೂಕಿನವನು. ವಯಸ್ಸು 46. ಕೆಥೋಲಿಕ. 2018ರ ಆಗಸ್ಟ್‌ವರೆಗೆ ಅಡಿಕೆ ಮರ ಹತ್ತುವುದೇ ನನ್ನ ಉದ್ಯೋಗವಾಗಿತ್ತು. ಕೊಯ್ಲಿನ ಕಾಲದಲ್ಲಿ ಗೊನೆ ಇಳಿಸುವುದು, ಮಳೆಗಾಲದಲ್ಲಿ ಕೊಳೆರೋಗಕ್ಕೆ ಮದ್ದು ಬಿಡುವುದು. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಆ ನೀಲಿ ಬಣ್ಣ ಅಂಗಿಗೆ ಹತ್ತಿದರೆ ಅಂಗಿ ಹರಿಯುವವರೆಗೂ ಹೋಗುವುದಿಲ್ಲ. ಬಿದ್ದ ದಿನ ಹಾಕಿಕೊಂಡಿದ್ದ ಅಂಗಿಯನ್ನು ಆಸ್ಪತ್ರೆಯಲ್ಲಿ ಕತ್ತರಿಸಿ ತೆಗೆದರು. ಹೆಂಡತಿ ಅದನ್ನು ಎಸೆಯದೆ ಇಟ್ಟುಕೊಂಡಿದ್ದಾಳೆ. ಯಾಕೆಂದು ನಾನು ಕೇಳಿಲ್ಲ.

ಆ ವರ್ಷ ಮಳೆ ಬಿಡುವು ಕೊಡಲೇ ಇಲ್ಲ. ಎರಡನೆಯ ಸುತ್ತಿನ ಮದ್ದಿಗೆ ತಡವಾಗಿತ್ತು, ತೋಟದವರಿಗೂ ಅವಸರ, ನನಗೂ ಅವಸರ. ನಮ್ಮ ಕಡೆ ಹಳೆಯ ಕೆಲಸಗಾರರು ಪ್ರತಿ ಮರಕ್ಕೂ ಇಳಿದು ಹತ್ತುವುದಿಲ್ಲ. ಮೇಲಿನಿಂದಲೇ ಮರವನ್ನು ತೂಗಿಸಿ, ಪಕ್ಕದ ಮರವನ್ನು ಹಿಡಿದು ದಾಟುತ್ತಾರೆ. ನಾನು ತೂಗಿಸಿದೆ. ಮರ ಬುಡದಲ್ಲೇ ಮುರಿದು ನನ್ನನ್ನೂ ಹೊತ್ತುಕೊಂಡು ಬಿತ್ತು. ಬೆನ್ನುಹುರಿಗೆ ಪೆಟ್ಟು. ಸೊಂಟದಿಂದ ಕೆಳಗೆ ಏನೂ ಇಲ್ಲ.

ಏನೂ ಇಲ್ಲ ಎಂದರೆ ಪೂರ್ತಿ ಸರಿಯಲ್ಲ. ಮುಟ್ಟಿದರೆ ಗೊತ್ತಾಗದ ಕಾಲು ರಾತ್ರಿಯಾದರೆ ಉರಿಯುತ್ತದೆ. ಹಗಲಿನ ಕಥೆ ಬೇರೆ. ಕಳೆದ ತಿಂಗಳು ಕುಚ್ಚಲಕ್ಕಿ ಗಂಜಿಯ ಬಟ್ಟಲನ್ನು ತೊಡೆಯ ಮೇಲೆ ಇಟ್ಟುಕೊಂಡು ಫೋನಿನಲ್ಲಿ ಮಾತನಾಡುತ್ತಿದ್ದೆ. ರಾತ್ರಿ ಹೆಂಡತಿ ಪಂಚೆ ಬದಲಿಸುವಾಗ ನೋಡಿದರೆ ಅಂಗೈ ಅಗಲದ ಬೊಬ್ಬೆ. ನನಗೆ ಗೊತ್ತೇ ಇರಲಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಏಳು ವರ್ಷಗಳಿಂದ ನನ್ನನ್ನು ನೋಡಲು ಬಂದವರು ಹೇಳಿದ್ದೆಲ್ಲ ಒಂದೇ ಮಾತು: ದೇವರಿಗೆ ನಿನ್ನ ಮೇಲೆ ಏನೋ ಯೋಜನೆ ಇದೆ. ಹಣ್ಣು ತಂದವರೂ ಅದನ್ನೇ ಹೇಳಿದರು, ಬರಿಗೈಯಲ್ಲಿ ಬಂದವರೂ ಅದನ್ನೇ ಹೇಳಿದರು. ಒಂದು ಪ್ರಾರ್ಥನಾ ಕೂಟದವರು ಮನೆಗೆ ಬಂದು, ಒಪ್ಪಿಕೊಳ್ಳದ ಪಾಪ ಏನಾದರೂ ಉಳಿದಿದೆಯೇ ಎಂದು ಕೇಳಿದರು. ಉಳಿದಿದೆ, ನಿಮ್ಮನ್ನು ಒಳಗೆ ಬಿಟ್ಟದ್ದು ಎಂದು ಹೇಳಬೇಕೆನಿಸಿತು. ಹೇಳಲಿಲ್ಲ. ಚಹಾ ಕುಡಿದು ಹೋದರು.

ನಮ್ಮ ಧರ್ಮಗುರುಗಳು ಹಾಗಲ್ಲ. ಪ್ರತಿ ತಿಂಗಳ ಮೊದಲ ಶುಕ್ರವಾರ ಪರಮ ಪ್ರಸಾದ ತರುತ್ತಾರೆ, ಸ್ವಲ್ಪ ಹೊತ್ತು ಸುಮ್ಮನೆ ಕುಳಿತುಕೊಳ್ಳುತ್ತಾರೆ. ನೋವನ್ನು ಕ್ರಿಸ್ತನ ನೋವಿನೊಂದಿಗೆ ಒಪ್ಪಿಸು ಎನ್ನುತ್ತಾರೆ. ಎರಡನೆಯ ಜಾನ್ ಪಾಲ್ ಪೋಪರು 1984ರ ಫೆಬ್ರುವರಿಯಲ್ಲಿ ಕಷ್ಟಸಂಕಟದ ಬಗ್ಗೆಯೇ ಒಂದು ಪತ್ರ ಬರೆದಿದ್ದರು, ಗುಂಡೇಟು ತಿಂದು ಮೂರು ವರ್ಷವೂ ಆಗಿರಲಿಲ್ಲ, ಗೊತ್ತಿದ್ದು ಬರೆದವರು ಎಂದು ಹೇಳಿದರು. ಸಂತ ಪೌಲರು ಕೊಲೊಸ್ಸೆಯರಿಗೆ ಬರೆದ ಪತ್ರದ ಮೊದಲ ಅಧ್ಯಾಯದಲ್ಲಿ, ಕ್ರಿಸ್ತನ ಯಾತನೆಯಲ್ಲಿ ಉಳಿದಿರುವುದನ್ನು ನನ್ನ ದೇಹದಲ್ಲಿ ತುಂಬುತ್ತಿದ್ದೇನೆ ಎಂಬ ಅರ್ಥದ ಮಾತು ಇದೆಯಲ್ಲ, ಆ ಪತ್ರದ ಬೇರು ಅಲ್ಲಿದೆಯಂತೆ. ಕಾಲು ಉರಿಯುವ ರಾತ್ರಿ ನಾನು ಹಾಗೆ ಒಪ್ಪಿಸುತ್ತೇನೆ. ಕೆಲವು ರಾತ್ರಿ ಅದರಿಂದ ನಿದ್ದೆ ಬರುತ್ತದೆ. ಕೆಲವು ರಾತ್ರಿ, ಇಷ್ಟು ಒಪ್ಪಿಸಿದರೂ ಇನ್ನೂ ಎಷ್ಟು ಬೇಕು ನಿನಗೆ ಎಂದು ಕೇಳಿಬಿಡುತ್ತೇನೆ.

ಇಷ್ಟು ದಿನ ಇದು ನನ್ನ ಮತ್ತು ದೇವರ ನಡುವಿನ ಲೆಕ್ಕವಾಗಿತ್ತು. ಈಗ ಮಗಳು ನಡುವೆ ಬಂದಿದ್ದಾಳೆ. ಎಂಟನೆಯ ತರಗತಿ. ಭಾನುವಾರ ಪೂಜೆಯ ನಂತರ ಇಗರ್ಜಿಯಲ್ಲಿ ಕ್ರೈಸ್ತ ಶಿಕ್ಷಣ ಇರುತ್ತದೆ, ನಾವು ಕೊಂಕಣಿಯಲ್ಲಿ ದೊತೊರ್ನ್ ಎನ್ನುತ್ತೇವೆ. ತಪಸ್ಸು ಕಾಲ, ಅಂದರೆ ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಾದ್ದರಿಂದ, ಟೀಚರ್ ಬರೆಯಲು ಕೊಟ್ಟ ವಿಷಯ: ‘ನಮ್ಮ ಮನೆಯ ಒಂದು ಕಷ್ಟ ಮತ್ತು ಅದರಲ್ಲಿ ದೇವರ ಉದ್ದೇಶ’. ಎರಡು ಪುಟ. ಮೊದಲ ಪುಟವನ್ನು ಅವಳು ಅರ್ಧ ಗಂಟೆಯಲ್ಲಿ ಬರೆದಳು. ಎರಡನೆಯ ಪುಟದ ಮೇಲೆ ‘ದೇವರ ಉದ್ದೇಶ’ ಎಂದು ಬರೆದು, ಕೆಳಗೆ ಗೆರೆ ಎಳೆದು, ನನ್ನ ಕುರ್ಚಿಯ ಹತ್ತಿರ ಬಂದು ಕೇಳಿದಳು: ‘ಅಪ್ಪಾ, ನಿಮ್ಮನ್ನು ಬೀಳಿಸಿದ್ದು ದೇವರೇ?’

ಭಾನುವಾರದೊಳಗೆ ಉತ್ತರ ಹೇಳಬೇಕು. ನಿಜವಾಗಿ ಅನುಭವಿಸಿದವರು ಯಾರಾದರೂ ಇದ್ದರೆ ಹೇಳಿ. ಉದ್ದೇಶ ನಿಮಗೆ ಸಿಕ್ಕಿತೇ, ಅಥವಾ ನೀವೇ ಹೊಲಿದುಕೊಂಡಿರಾ?

ಕೆಲಸದ ಬಗ್ಗೆ ಕೇಳುವವರಿಗೆ: ಈಗ ಮರ ಹತ್ತುವವರನ್ನು ತೋಟಗಳಿಗೆ ಹೊಂದಿಸಿ ಕೊಡುತ್ತೇನೆ. ಒಂದು ಪುಸ್ತಕ, ಒಂದು ಫೋನ್. ಸೊಂಟಕ್ಕೆ ಬೆಲ್ಟ್ ಕಟ್ಟದವರಿಗೆ ಕೆಲಸ ಕೊಡುವುದಿಲ್ಲ. ಅದು ಬೇರೆ ಮಾತು.

—

ಉತ್ತರ 1: ಜಯಜೀವನ

ಸಹೋದರರೇ, ನಂಬಿಕೆಯಿಂದ ಕೇಳಿದರೆ ಆಗದ್ದು ಯಾವುದೂ ಇಲ್ಲ. ಪಾರ್ಶ್ವವಾಯು ರೋಗಿಗೆ ಎದ್ದು ಹಾಸಿಗೆ ಹೊತ್ತು ನಡೆ ಎಂದವನು ಇಂದಿಗೂ ಜೀವಿಸುತ್ತಿದ್ದಾನೆ. ನಿಮ್ಮ ಬರಹದಲ್ಲಿ ಸಂಶಯ ಹೆಚ್ಚು ಕಾಣುತ್ತಿದೆ. ಉಪವಾಸ ಪ್ರಾರ್ಥನೆ ಮಾಡಿ.

—

ಉತ್ತರ 2: ನಿವೃತ್ತ ಸಭಾಪಾಲಕ, ಧಾರವಾಡ

ಮೇಲಿನವರಿಗೆ ಒಂದೇ ಮಾತು. ಪೌಲನು ‘ಶರೀರದ ಮುಳ್ಳು’ ಎಂದು ತಾನೇ ಕರೆದ ಬಾಧೆ ತೊಲಗಲಿ ಎಂದು ಮೂರು ಸಲ ಬೇಡಿಕೊಂಡ, ತೊಲಗಲಿಲ್ಲ. ಅವನ ನಂಬಿಕೆಯಲ್ಲಿ ಎಷ್ಟು ಕಿಲೋ ಕಡಿಮೆ ಬಿತ್ತು ಎಂದು ತಾವು ತೂಗಿ ಹೇಳಬೇಕು.

ತೋಟದ ದಾರಿಯವರೇ, ನಾನು ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯಲ್ಲಿ 34 ವರ್ಷ ಸೇವೆ ಮಾಡಿದವನು. ದೇವರನ್ನು ಪ್ರೀತಿಸುವವರಿಗೆ ಎಲ್ಲವೂ ಹಿತಕ್ಕಾಗಿ ಕೂಡಿಬರುತ್ತದೆ ಎಂಬ ರೋಮಾಪುರದವರ ಪತ್ರದ ವಚನವನ್ನು ಎಷ್ಟು ಶವಪೆಟ್ಟಿಗೆಗಳ ಮುಂದೆ ಓದಿದ್ದೇನೋ ಲೆಕ್ಕವಿಲ್ಲ. ನನ್ನ ಹೆಂಡತಿ ಹೊಟ್ಟೆಯ ಕ್ಯಾನ್ಸರಿನಿಂದ ಹೋದಾಗ ಕಿರಿಯ ಪಾದ್ರಿಯೊಬ್ಬರು ಅದೇ ವಚನವನ್ನು ನನ್ನ ಮುಂದೆ ಓದಿದರು. ಆ ಹುಡುಗನಿಗೆ ಅದನ್ನು ಕಲಿಸಿದವನು ನಾನೇ. ವಚನ ಸುಳ್ಳಾಗಲಿಲ್ಲ, ಆದರೆ ಅದನ್ನು ಎಂಥ ಹೊತ್ತಿನಲ್ಲಿ ಜನರ ಬಾಯಿಗೆ ತುರುಕಿದ್ದೆನೆಂದು ಅಂದು ತಿಳಿಯಿತು. ಬೈಬಲಿನಲ್ಲಿ ಮಕ್ಕಳು, ಆಸ್ತಿ, ಆರೋಗ್ಯ ಎಲ್ಲವನ್ನೂ ಕಳೆದುಕೊಂಡ ಯೋಬನ ಕಥೆ ಇದೆಯಲ್ಲ, ಅವನ ಗೆಳೆಯರು ಮೂವರು ಬಂದು ಏಳು ದಿನ ಏಳು ರಾತ್ರಿ ಅವನೊಂದಿಗೆ ನೆಲದ ಮೇಲೆ ಮಾತಿಲ್ಲದೆ ಕುಳಿತರು. ಅಷ್ಟು ಮಾಡಿ ಎದ್ದುಹೋಗಿದ್ದರೆ ಸಂತರಾಗುತ್ತಿದ್ದರು. ಬಾಯಿ ತೆರೆದು ಕೆಡಿಸಿಕೊಂಡರು. ಕಡೆಯ ಅಧ್ಯಾಯದಲ್ಲಿ ದೇವರು ಸಿಟ್ಟಾಗುವುದು ಪ್ರಶ್ನೆ ಕೇಳಿದ ಯೋಬನ ಮೇಲಲ್ಲ, ದೇವರ ಪರವಾಗಿ ವಕಾಲತ್ತು ವಹಿಸಿದ ಆ ಮೂವರ ಮೇಲೆ. ನಿಮ್ಮ ಧರ್ಮಗುರುಗಳು ಮೊದಲು ಸುಮ್ಮನೆ ಕುಳಿತುಕೊಳ್ಳುತ್ತಾರೆ ಎಂದಿರಿ. ಅವರಿಗೆ ನನ್ನ ವಂದನೆ ತಿಳಿಸಿ.

ಮಗಳ ಪ್ರಶ್ನೆಗೆ ಬರೋಣ. ಹುಟ್ಟುಕುರುಡನ ಪ್ರಸಂಗ ನಿಮಗೆ ಗೊತ್ತು, ಯೋಹಾನನ ಒಂಬತ್ತನೆಯ ಅಧ್ಯಾಯ. ಯಾರ ಪಾಪದಿಂದ ಹೀಗಾಯಿತು ಎಂದು ಶಿಷ್ಯರು ಕೇಳುತ್ತಾರೆ. ಇವನದೂ ಅಲ್ಲ, ತಂದೆತಾಯಿಯದೂ ಅಲ್ಲ ಎನ್ನುತ್ತಾನೆ ಯೇಸು. ಮುಂದಿನ ಮಾತೇ ತೊಡಕಿನದು. ನಮ್ಮ ಅನುವಾದಗಳಲ್ಲಿ, ದೇವರ ಕ್ರಿಯೆ ಇವನಲ್ಲಿ ಕಾಣಿಸಲೆಂದೇ ಇವನು ಕುರುಡನಾಗಿ ಹುಟ್ಟಿದ ಎಂಬಂತೆ ಓದಿಸುತ್ತದೆ. ಹಾಗಾದರೆ ಒಂದು ದಿನದ ಪ್ರದರ್ಶನಕ್ಕಾಗಿ ಒಬ್ಬನನ್ನು ಅಷ್ಟು ವರ್ಷ ಕತ್ತಲಲ್ಲಿ ಇಟ್ಟ ಹಾಗಾಯಿತಲ್ಲ! ಆದರೆ ಹಳೆಯ ಗ್ರೀಕ್ ಹಸ್ತಪ್ರತಿಗಳಲ್ಲಿ ಈಗಿನ ಹಾಗೆ ಪೂರ್ಣವಿರಾಮ, ಅಲ್ಪವಿರಾಮ ಇರಲಿಲ್ಲ. ಇವನೂ ಪಾಪ ಮಾಡಲಿಲ್ಲ, ಇವನ ತಂದೆತಾಯಿಯೂ ಮಾಡಲಿಲ್ಲ ಎಂಬಲ್ಲಿ ವಾಕ್ಯ ನಿಲ್ಲಿಸಿ ನೋಡಿ. ಆಗ ಮುಂದಿನದು, ದೇವರ ಕ್ರಿಯೆ ಇವನಲ್ಲಿ ಕಾಣಬೇಕಾದರೆ ಹಗಲಿರುವಾಗಲೇ ನಾವು ಕೆಲಸ ಮಾಡಬೇಕು ಎಂದಾಗುತ್ತದೆ. ಎಲ್ಲ ಪಂಡಿತರೂ ಇದನ್ನು ಒಪ್ಪುವುದಿಲ್ಲ, ಆದರೆ ಹಾಗೆ ಓದಲು ಅವಕಾಶವಿದೆ. ಯೇಸು ಆಮೇಲೆ ಮಾಡಿದ್ದೂ ಅದನ್ನೇ: ಉಪನ್ಯಾಸ ಕೊಡಲಿಲ್ಲ, ಉಗುಳಿ ಕೆಸರು ಕಲಸಿ ಅವನ ಕಣ್ಣಿಗೆ ಹಚ್ಚಿದ.

ಇನ್ನೊಂದು ಮಾತು. ನಾನು ಸ್ವಲ್ಪ ವ್ಯಾಕರಣದ ಹುಚ್ಚಿನವನು, ಕ್ಷಮಿಸಿ. ನಮ್ಮ ‘ಏಕೆ’ ಎಂಬ ಪದ ಚತುರ್ಥಿ ವಿಭಕ್ತಿಯದು. ಅದಕ್ಕೆ, ಇದಕ್ಕೆ ಎಂಬಂತೆ ಏಕೆ. ಯಾವ ಕಾರಣದಿಂದ ಎಂದೂ ಆಗುತ್ತದೆ, ಯಾವ ಗುರಿಗೆ ಎಂದೂ ಆಗುತ್ತದೆ. ಶಿಲುಬೆಯ ಮೇಲೆ ಯೇಸು ಕೂಗಿದ, ‘ನನ್ನ ದೇವರೇ, ಏಕೆ ನನ್ನನ್ನು ಕೈಬಿಟ್ಟೆ’ ಎಂಬ 22ನೆಯ ಕೀರ್ತನೆಯ ‘ಏಕೆ’ ಕೂಡ ಹೀಬ್ರೂವಿನಲ್ಲಿ ಇಂಥದ್ದೇ, ಬಿಡಿಸಿದರೆ ‘ಯಾವುದಕ್ಕೆ’. ಮಾರ್ಕನ ಗ್ರೀಕಿನಲ್ಲೂ ಹಾಗೆಯೇ, ‘ಯಾವುದರ ಕಡೆಗೆ’ ಎಂಬಂತೆ ಕೇಳಿಸುತ್ತದೆ. ಒಂದೇ ಪದದೊಳಗೆ ಎರಡು ಪ್ರಶ್ನೆ. ನೀವು ಏಳು ವರ್ಷದಿಂದ ಹಿಂದಿನ ‘ಏಕೆ’ಗೆ ಉತ್ತರ ಹುಡುಕಿ ದಣಿದಿದ್ದೀರಿ. ಮುಂದಿನದಕ್ಕೆ ಉತ್ತರ ನಿಮ್ಮ ಕೊನೆಯ ಸಾಲಿನಲ್ಲೇ ಇದೆ. ಬೆಲ್ಟಿನ ಮಾತು ‘ಬೇರೆ ಮಾತು’ ಅಲ್ಲ.

—

ಉತ್ತರ 3: ವಾರ್ಡ್ ಸಿಸ್ಟರ್

ದೇವಶಾಸ್ತ್ರ ಆಮೇಲೆ. ಮೊದಲು ಹೇಳಿ, ತೊಡೆಯ ಸುಟ್ಟಗಾಯ ಒಣಗಿತೇ? ಕುರ್ಚಿಯಲ್ಲಿ ಕುಳಿತಾಗ ಕಾಲು ಗಂಟೆಗೊಮ್ಮೆಯಾದರೂ ಎರಡೂ ಕೈ ಊರಿ ಸೊಂಟ ಎತ್ತುತ್ತೀರಾ? ಹಾಸಿಗೆಯಲ್ಲಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುತ್ತಾರಾ? ಬೆಳಿಗ್ಗೆ, ರಾತ್ರಿ ಕನ್ನಡಿ ಹಿಡಿದು ಕುಂಡೆ, ಹಿಮ್ಮಡಿ ನೋಡಿಕೊಳ್ಳುತ್ತೀರಾ? ಕೆಂಪು ಕಂಡು ಒತ್ತಿದರೆ ಬಿಳಿಯಾಗದಿದ್ದರೆ ಆ ಜಾಗದ ಮೇಲೆ ಮತ್ತೆ ಕೂರಬೇಡಿ. ಬೆನ್ನುಹುರಿಯ ಪೆಟ್ಟಿನವರನ್ನು ಹೆಚ್ಚಾಗಿ ಕೊಲ್ಲುವುದು ಪೆಟ್ಟಲ್ಲ. ಹಾಸಿಗೆ ಹುಣ್ಣು ಮತ್ತು ಮೂತ್ರದ ಸೋಂಕು.

ನಾನು ಕೋಲಾರದ ಕಡೆಯವಳು. ನರ್ಸಿಂಗ್ ಕಲಿತದ್ದು ವೆಲ್ಲೂರಿನಲ್ಲಿ. ಅಲ್ಲಿ ಕಲಿತವರಿಗೆಲ್ಲ ಗೊತ್ತಿರುವ ಹೆಸರು ಡಾಕ್ಟರ್ ಮೇರಿ ವರ್ಗೀಸ್. ಕೇರಳದವರು, ಸ್ತ್ರೀರೋಗ ತಜ್ಞೆಯಾಗಬೇಕೆಂದಿದ್ದವರು. 1954ರ ಜನವರಿಯಲ್ಲಿ ಜೊತೆಯ ವೈದ್ಯರೊಂದಿಗೆ ಹೋಗುತ್ತಿದ್ದಾಗ ಗಾಡಿ ಉರುಳಿತು. ಮುಖ ಸೀಳಿತು, ಬೆನ್ನುಹುರಿ ಹೋಯಿತು. ಥೇಟ್ ನಿಮ್ಮ ಹಾಗೆ. ಅವರಿಗೆ ಕುಷ್ಠರೋಗಿಗಳ ಕೈ ಶಸ್ತ್ರಚಿಕಿತ್ಸೆಯನ್ನು ಕುಳಿತಲ್ಲಿಯೇ ಮಾಡಬಹುದು ಎಂದು ದಾರಿ ತೋರಿಸಿದವರು ಡಾಕ್ಟರ್ ಪಾಲ್ ಬ್ರಾಂಡ್. ಗಾಲಿಕುರ್ಚಿಯಲ್ಲಿ ಕುಳಿತು ನೂರಾರು ಮಡಚಿದ ಬೆರಳುಗಳನ್ನು ಬಿಡಿಸಿದರು. ಆಮೇಲೆ ಆಸ್ಟ್ರೇಲಿಯಾ, ನ್ಯೂಯಾರ್ಕ್‌ಗೆ ಹೋಗಿ ಪುನರ್ವಸತಿ ವೈದ್ಯಶಾಸ್ತ್ರ ಕಲಿತು ಬಂದರು. 1966ರಲ್ಲಿ ವೆಲ್ಲೂರಿನಲ್ಲಿ ಪುನರ್ವಸತಿ ಸಂಸ್ಥೆ ಶುರುವಾಯಿತು. 1972ರಲ್ಲಿ ಪದ್ಮಶ್ರೀ.

ಈ ಕಥೆಯನ್ನು ಹೇಳಿ ‘ನೋಡಿ, ನೀವೂ ಹೀಗಾಗಿ’ ಎಂದು ರೋಗಿಗಳನ್ನು ಹೆದರಿಸುವವರನ್ನು ಕಂಡಿದ್ದೇನೆ. ಹಾಸಿಗೆಯಲ್ಲಿ ಮಗ್ಗುಲಾಗಲು ಬಾರದವನಿಗೆ ಪದ್ಮಶ್ರೀಯ ಕಥೆ! ನಾನು ಹೇಳುತ್ತಿರುವುದು ಅದಕ್ಕಲ್ಲ. ನಿಮ್ಮ ಗಂಜಿ ಬಟ್ಟಲಿನ ಮಾತು ಓದಿ ಬ್ರಾಂಡ್ ನೆನಪಾದರು. ಅವರು ಹುಟ್ಟಿದ್ದು ತಮಿಳುನಾಡಿನ ಕೊಲ್ಲಿ ಬೆಟ್ಟದಲ್ಲಿ, ಮಿಷನರಿ ದಂಪತಿಯ ಮಗ. ಕುಷ್ಠದಲ್ಲಿ ಬೆರಳು ತಾನಾಗಿ ಕೊಳೆತು ಉದುರುತ್ತದೆ ಎಂದು ಎಲ್ಲರೂ ನಂಬಿದ್ದ ಕಾಲ. ಅಲ್ಲ, ನೋವು ಗೊತ್ತಾಗದ ಕಾರಣ ಸುಟ್ಟುಕೊಂಡು, ಕೊಯ್ದುಕೊಂಡು, ಗಾಯವಾದ ಕೈಯಲ್ಲೇ ಕೆಲಸ ಮಾಡಿ ಕಳೆದುಕೊಳ್ಳುತ್ತಾರೆ ಎಂದು ತೋರಿಸಿಕೊಟ್ಟವರು ಅವರು. ಕೆಲವರ ಬೆರಳನ್ನು ರಾತ್ರಿ ಮಲಗಿದಾಗ ಇಲಿ ತಿನ್ನುತ್ತಿತ್ತು, ಎಚ್ಚರವೇ ಆಗುತ್ತಿರಲಿಲ್ಲ. ಮನೆಗೆ ಹೋಗುವವರ ಕೈಯಲ್ಲಿ ಒಂದೊಂದು ಬೆಕ್ಕು ಕೊಟ್ಟು ಕಳಿಸಿದರು. ನೋವು ದೇವರ ವರ ಎಂದು ಅವರು ಹೇಳುತ್ತಿದ್ದುದು ಆ ಬೆರಳುಗಳನ್ನು ನೋಡಿ, ಪುಸ್ತಕ ಓದಿ ಅಲ್ಲ. ಹಾಗೆಂದು ನಿಮ್ಮ ರಾತ್ರಿಯ ಉರಿ ವರವಲ್ಲ. ಅದು ಕೆಟ್ಟುಹೋದ ಗಂಟೆ, ಸುಮ್ಮನೆ ಬಾರಿಸುತ್ತಿದೆ. ಅದಕ್ಕೆ ಮಾತ್ರೆ ಇದೆ. ಒಪ್ಪಿಸುವುದನ್ನು ಒಪ್ಪಿಸಿ, ವೈದ್ಯರಿಗೂ ಒಂದು ಮಾತು ಹೇಳಿ.

ಬಟ್ಟಲನ್ನು ಮೇಜಿನ ಮೇಲೆ ಇಡಿ.

—

ಉತ್ತರ 4: ಹಾಸನದವಳು

ಎಲ್ಲವನ್ನೂ ಓದಿದೆ. ಯಾರೂ ಒಬ್ಬರ ವಿಷಯ ಕೇಳಲಿಲ್ಲ.

ನನ್ನ ಯಜಮಾನರಿಗೆ ಪಾರ್ಶ್ವವಾಯು ಹೊಡೆದು ಒಂಬತ್ತು ವರ್ಷ. ಅವರೂ ಒಪ್ಪಿಸುತ್ತಾರೆ, ಜಪಸರ ಹಿಡಿದು ಕಣ್ಣು ಮುಚ್ಚಿದರೆ ಮುಖದಲ್ಲಿ ಒಂದು ಶಾಂತಿ ಇರುತ್ತದೆ. ಬಂದವರೆಲ್ಲ ಆ ಶಾಂತಿಯನ್ನು ನೋಡಿ ಕಣ್ಣೀರು ಹಾಕಿ ಹೋಗುತ್ತಾರೆ. ಆ ಹೊತ್ತಿನಲ್ಲಿ ನಾನು ಹಿತ್ತಲಲ್ಲಿ ಬೆಡ್‌ಶೀಟ್ ಒಗೆಯುತ್ತಿರುತ್ತೇನೆ. ಅವರ ನೋವಿಗೆ ಉದ್ದೇಶ ಸಿಕ್ಕಿದೆ, ಸಂತೋಷ. ನನ್ನ ಸೊಂಟನೋವಿಗೆ ಯಾವ ಪೋಪರೂ ಪತ್ರ ಬರೆದಂತಿಲ್ಲ.

ತಪಸ್ಸು ಕಾಲದ ಶುಕ್ರವಾರಗಳಲ್ಲಿ ಶಿಲುಬೆಯ ಹಾದಿ, ಅಂದರೆ ಯೇಸು ಶಿಲುಬೆ ಹೊತ್ತು ನಡೆದ ದಾರಿಯ ಹದಿನಾಲ್ಕು ಸ್ಥಳಗಳ ಪ್ರಾರ್ಥನೆ ಮಾಡುವಾಗ ನಾನು ಐದನೆಯ ಸ್ಥಳದಲ್ಲಿ ನಿಂತುಬಿಡುತ್ತೇನೆ, ಉಳಿದವರು ಆರನೆಯದಕ್ಕೆ ಹೋಗಿರುತ್ತಾರೆ. ಸಿರೇನಿನ ಸಿಮೋನ. ಊರ ಕಡೆಯಿಂದ ಬರುತ್ತಿದ್ದವನನ್ನು ಹಿಡಿದು ಶಿಲುಬೆ ಹೊರಿಸಿದರು. ಅವನನ್ನು ಯಾರೂ ಕೇಳಲಿಲ್ಲ. ‘ಸಹಾಯ ಮಾಡಿದ’ ಎಂದು ಪ್ರಾರ್ಥನೆಯಲ್ಲಿ ಓದುತ್ತಾರೆ, ಮಾರ್ಕನ ಶುಭಸಂದೇಶದಲ್ಲಿ ಇರುವುದು ಬಲವಂತ ಮಾಡಿದರು ಎಂದು. ಅವನಿಗೆ ಇಬ್ಬರು ಮಕ್ಕಳು, ಅಲೆಕ್ಸಾಂಡರ್ ಮತ್ತು ರೂಫ ಎಂಬುದನ್ನೂ ಮಾರ್ಕನೇ ಬರೆದಿದ್ದಾನೆ. ಆ ಮಕ್ಕಳು ಮನೆಯಲ್ಲಿ ಅಪ್ಪ ಯಾಕೆ ಇನ್ನೂ ಬರಲಿಲ್ಲ ಎಂದು ಕಾಯುತ್ತಿದ್ದರೇನೋ ಎಂದು ನನಗೆ ಪ್ರತಿ ಸಲವೂ ಅನಿಸುತ್ತದೆ.

ನಿಮ್ಮ ಹೆಂಡತಿ ನೀಲಿ ಕಲೆಯ ಅಂಗಿ ಯಾಕೆ ಇಟ್ಟುಕೊಂಡಿದ್ದಾರೆ ಎಂದು ಕೇಳಿಲ್ಲವಂತೆ. ಏಳು ವರ್ಷ! ದೇವರ ಉದ್ದೇಶವನ್ನು ಕೇಳುವ ಮೊದಲು ಅದನ್ನು ಕೇಳಿ.

ಒರಟಾಗಿ ಬರೆದೆ. ನಿನ್ನೆ ರಾತ್ರಿ ನಿದ್ದೆಯಾಗಿಲ್ಲ. 88ನೆಯ ಕೀರ್ತನೆ ಓದಿ. ಅಳುವ ಬೇರೆ ಕೀರ್ತನೆಗಳು ಹೆಚ್ಚಾಗಿ ಅತ್ತು ಅತ್ತು ಕೊನೆಗೆ ಸ್ತುತಿಗೆ ತಿರುಗುತ್ತವೆ. ಅದೊಂದು ಕತ್ತಲಲ್ಲೇ ಮುಗಿಯುತ್ತದೆ. ಅದನ್ನೂ ಬೈಬಲಿನಲ್ಲಿ ಇಟ್ಟಿದ್ದಾರಲ್ಲ, ನನಗೆ ಅಷ್ಟು ಸಾಕು.

—

ಕೇಳಿದವರು: ತೋಟದ ದಾರಿ

ಎಲ್ಲರಿಗೂ ವಂದನೆ. ಭಾನುವಾರ ಕಳೆಯಿತು, ಏನಾಯಿತೆಂದು ಹೇಳುವುದು ನನ್ನ ಕರ್ತವ್ಯ.

ಸಿಸ್ಟರ್, ಗಾಯ ಒಣಗಿದೆ. ಕನ್ನಡಿ ತರಿಸಿದ್ದೇನೆ. ನನ್ನದೇ ಹಿಂಭಾಗವನ್ನು ಏಳು ವರ್ಷದ ನಂತರ ನೋಡಿದೆ, ನೋಡುವಂಥದ್ದೇನೂ ಇಲ್ಲ. ರಾತ್ರಿಯ ಉರಿಗೆ ಮಾತ್ರೆ ಶುರುವಾಗಿದೆ. ಸ್ವಲ್ಪ ಮಂಪರು, ಆದರೆ ಮಲಗುತ್ತಿದ್ದೇನೆ. ಇದುವರೆಗೆ ಕೇಳದಿದ್ದದ್ದು ನನ್ನ ತಪ್ಪು. ಒಪ್ಪಿಸಲು ಏನಾದರೂ ಬೇಕಲ್ಲ ಎಂದು ನೋವನ್ನು ಉಳಿಸಿಕೊಂಡಿದ್ದೆನೋ ಏನೋ.

ಹಾಸನದ ಅಕ್ಕ, ನಿಮ್ಮ ಉತ್ತರ ಓದಿ ಎರಡು ದಿನ ಯಾರ ಹತ್ತಿರವೂ ಸರಿಯಾಗಿ ಮಾತನಾಡಲಿಲ್ಲ. ಆಮೇಲೆ ಅಂಗಿಯ ವಿಷಯ ಕೇಳಿದೆ. ಅವಳು ಮಜ್ಜಿಗೆ ಕಡೆಯುತ್ತಿದ್ದಳು, ಕೈ ನಿಲ್ಲಿಸಲಿಲ್ಲ. ‘ನೀವು ಬೆಳಿಗ್ಗೆ ಹಾಕಿಕೊಂಡು ಹೋದದ್ದು ಅದನ್ನೇ ಅಲ್ಲವಾ’ ಎಂದಳು. ಅಷ್ಟೇ. ಹೆಚ್ಚು ಕೇಳಲು ನನಗೆ ಧೈರ್ಯ ಬರಲಿಲ್ಲ. ಪೋಪರ ಪತ್ರದ ಬಗ್ಗೆ ನೀವು ಹೇಳಿದ್ದನ್ನು ಈ ಶುಕ್ರವಾರ ಧರ್ಮಗುರುಗಳ ಮುಂದಿಟ್ಟೆ. ಅವರು ನಕ್ಕು, ಪತ್ರದ ಕೊನೆಯ ಭಾಗವೆಲ್ಲ ಒಳ್ಳೆಯ ಸಮಾರಿಯದವನ ಬಗ್ಗೆಯೇ, ಅದನ್ನು ನಾನು ನಿನಗೆ ಹೇಳಲೇ ಇಲ್ಲ ನೋಡು ಎಂದರು. ಕಷ್ಟದಿಂದ ಒಳಿತು ಮಾಡುವುದು, ಕಷ್ಟದಲ್ಲಿರುವವರಿಗೆ ಒಳಿತು ಮಾಡುವುದು, ಎರಡನ್ನೂ ಕ್ರಿಸ್ತ ಒಟ್ಟಿಗೇ ಕಲಿಸಿದ ಎಂದು ಅಲ್ಲಿ ಬರೆದಿದೆಯಂತೆ. ಹೋಗುವಾಗ ಅಡುಗೆಮನೆಯ ಬಾಗಿಲಲ್ಲಿ ನಿಂತು ಹೆಂಡತಿಯ ಹತ್ತಿರ ಸ್ವಲ್ಪ ಹೊತ್ತು ಮಾತನಾಡಿದರು. ಏಳು ವರ್ಷದಲ್ಲಿ ಅದು ಮೊದಲ ಸಲ. ಈಗ ಅವಳು ತಂಗಿಯ ಮನೆಗೆ ಹೋಗಿದ್ದಾಳೆ, ನಾಲ್ಕು ದಿನಕ್ಕೆ. ನನ್ನ ತಮ್ಮ ಬಂದು ಉಳಿದಿದ್ದಾನೆ. ರಾತ್ರಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಲು ಎದ್ದು ಅವನ ಕಣ್ಣು ಕೆಂಪಾಗಿದೆ. ಅತ್ತಿಗೆ ಇದನ್ನು ದಿನಾ ಮಾಡುತ್ತಾರಾ ಎಂದು ಕೇಳಿದ.

ಪಾದ್ರಿಗಳೇ, ನಿಮ್ಮೊಂದಿಗೆ ಒಂದು ಜಗಳ ಇದೆ. ಬೆಲ್ಟಿನಲ್ಲಿ ಉದ್ದೇಶ ಇದೆ ಎಂದಿರಿ. ಈ ಏಳು ವರ್ಷದಲ್ಲಿ ನನ್ನ ಪುಸ್ತಕದಲ್ಲಿ ಹೆಸರಿರುವ ಯಾರೂ ಬಿದ್ದಿಲ್ಲ. ಇಬ್ಬರು ಜಾರಿ ಬೆಲ್ಟಿನಲ್ಲಿ ತೂಗಿ ಉಳಿದಿದ್ದಾರೆ. ಒಬ್ಬನ ಹೆಂಡತಿ ಬಂದು ನನ್ನ ಕೈ ಹಿಡಿದುಕೊಂಡು ಅತ್ತಿದ್ದಳು. ಅದು ದೊಡ್ಡದು, ಇಲ್ಲವೆನ್ನುವುದಿಲ್ಲ. ಆದರೆ ಒಂದು ಬೆಲ್ಟಿಗಾಗಿ ದೇವರು ಒಬ್ಬನ ಬೆನ್ನು ಮುರಿಯಬೇಕಾಗಿರಲಿಲ್ಲ. ಬೆಲ್ಟ್ ಪುತ್ತೂರಿನ ಅಂಗಡಿಯಲ್ಲೇ ಸಿಗುತ್ತಿತ್ತು. ಆಮೇಲೆ ಬಂದ ಒಳ್ಳೆಯದನ್ನು ಮೊದಲು ಆದ ಕೆಟ್ಟದ್ದರ ಬೆಲೆ ಎಂದು ಬರೆದರೆ ಲೆಕ್ಕ ತಪ್ಪುತ್ತದೆ. ಎರಡೂ ಬೇರೆ ಬೇರೆ ಪುಟ. ನೀವು ಹೇಳಿದ ಎರಡು ‘ಏಕೆ’ ಎಂದರೆ ಇದೇ ಇರಬಹುದು, ನನಗೆ ವ್ಯಾಕರಣ ಬಾರದು. ಮುಂದಿನ ಪುಟದಲ್ಲಿ ದೇವರ ಕೈಬರಹ ಇದೆ ಎಂದು ನಾನು ನಂಬುತ್ತೇನೆ. ಹಿಂದಿನ ಪುಟದಲ್ಲಿ ನನ್ನದೇ ಇದೆ.

ಅದನ್ನೇ ಮಗಳಿಗೆ ಹೇಳಿದೆ. ಇದುವರೆಗೆ ಯಾರಿಗೂ ಹೇಳಿರಲಿಲ್ಲ, ಪಾಪನಿವೇದನೆಯಲ್ಲೂ ಹೇಳಿರಲಿಲ್ಲ. ಆ ಮರದ ಬುಡದಲ್ಲಿ ಅಣಬೆ ಎದ್ದಿದ್ದನ್ನು ನಾನು ಬೆಳಿಗ್ಗೆಯೇ ನೋಡಿದ್ದೆ. ಅಣಬೆರೋಗದ ಮರ ಒಳಗೆ ಕೊಳೆತಿರುತ್ತದೆ, ಅದನ್ನು ಹತ್ತಬಾರದು ಎಂದು ನನಗೆ ಕಲಿಸಿದವರು ನನ್ನ ಅಪ್ಪ. ಮಳೆ ಅರ್ಧ ಗಂಟೆ ನಿಂತಿತ್ತು, ಆ ಸಾಲಿನಲ್ಲಿ ಇನ್ನು ನಾಲ್ಕು ಮರ ಉಳಿದಿದ್ದವು. ಹತ್ತಿದೆ. ದೇವರು ಬೀಳಿಸಲಿಲ್ಲ ಮಗಳೇ, ಮರ ಬಿತ್ತು, ನಾನು ಅದರ ಮೇಲಿದ್ದೆ ಎಂದೆ.

ಅವಳು ತುಂಬಾ ಹೊತ್ತು ಸುಮ್ಮನಿದ್ದಳು. ಆಮೇಲೆ, ‘ಹಾಗಾದರೆ ದೇವರು ಹಿಡಿದುಕೊಳ್ಳಬಹುದಿತ್ತಲ್ಲ?’ ಎಂದಳು.

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಈಗಲೂ ಇಲ್ಲ. ಇಲ್ಲವೆಂದೇ ಹೇಳಿದೆ. ಇಬ್ಬರೂ ಕೂಡಿ ಒಂದು ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಹೇಳಿದೆವು. ನಿನ್ನ ಚಿತ್ತ ನೆರವೇರಲಿ ಎಂಬಲ್ಲಿ ಅವಳ ದನಿ ಸ್ವಲ್ಪ ಇಳಿಯಿತು. ನನ್ನದೂ ಇಳಿಯಿತು. ಆದರೂ ದಾಟಿದೆವು.

ಎರಡನೆಯ ಪುಟವನ್ನು ಅವಳು ಹೇಗೆ ಮುಗಿಸಿದಳೆಂದು ಆಮೇಲೆ ನೋಡಿದೆ. ‘ಅಪ್ಪನನ್ನು ಕೇಳಿದೆ. ಅಪ್ಪನಿಗೆ ಅರ್ಧ ಗೊತ್ತು. ಶಿಲುಬೆಯ ಹಾದಿಯಲ್ಲಿ ಯೇಸು ಮೂರನೆಯ, ಏಳನೆಯ, ಒಂಬತ್ತನೆಯ ಸ್ಥಳದಲ್ಲಿ ಬೀಳುತ್ತಾರೆ. ಯಾಕೆ ಬಿದ್ದರು ಎಂದು ಅಲ್ಲಿಯೂ ಬರೆದಿಲ್ಲ.’ ಟೀಚರ್ ಕೆಂಪು ಶಾಯಿಯಲ್ಲಿ ‘ಎರಡು ಪುಟ ಬರೆಯಬೇಕಿತ್ತು’ ಎಂದು ಬರೆದು, ಅದರ ಕೆಳಗೆ ಸರಿ ಗುರುತು ಹಾಕಿದ್ದಾರೆ.

ಸಿಸ್ಟರ್, ಗಾಳಿ ತುಂಬುವ ಕುರ್ಚಿದಿಂಬು ಎಂದು ಯಾರೋ ಹೇಳಿದರು. 18 ಇಂಚು ಅಗಲದ ಕುರ್ಚಿಗೆ ಹೊಂದುವಂಥದ್ದು ಮಂಗಳೂರಿನಲ್ಲಿ ಸಿಗುತ್ತದೆಯೇ, ಅಥವಾ ತರಿಸಬೇಕೇ? ತಮ್ಮ ಬುಧವಾರ ಆ ಕಡೆ ಹೋಗುವವನಿದ್ದಾನೆ.